ಧಣಿಯ ಮನೆಯ ಸೈಕಲ್ಲು

ಭಯಪಡುವುದರಲ್ಲಿ ವಿಜಿಯಾತಿಗೆ ಆ ಓಣಿಯಲ್ಲೇ ಹೆಸರಿತ್ತು. ಬಾಣಲೆಯ ಎಣ್ಣೆ ಸ್ವಲ್ಪ ಹೆಚ್ಚು ಕಾದರೆ ಅವಳ ಕಣ್ಣಿಗೆ ಮನೆಯೇ ಹೊತ್ತಿಕೊಂಡಂತೆ ಕಾಣುತ್ತಿತ್ತು. ಪಿಕಪ್ ಗಾಡಿ ಓಡಿಸುವ ಗಂಡ ಪೊನಿಮನ್ ಬೆಟ್ಟದಿಂದ ಇಳಿದು ಬರುವುದು ತುಸು ತಡವಾದರೆ ಬಾಗಿಲಿಗೂ ಬೀದಿಗೂ ಓಡಾಡಿ ನೆಲ ಸವೆಸುತ್ತಿದ್ದಳು. ಅತ್ತೆ ತುಮಿ ಅಜ್ಜಿ ಇದನ್ನು ನೋಡಿ ನೋಡಿ ರೋಸಿಹೋಗಿದ್ದಳು. "ಹೆದರೋದಕ್ಕೆ ಏನೂ ಸಿಗದಿದ್ರೆ, ಅಯ್ಯೋ ಏನೂ ಸಿಗಲಿಲ್ಲವಲ್ಲ ಅಂತ ಹೆದರ್ತಾಳೆ ನನ್ನ ಸೊಸೆ" ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ವೆನಿಂಗ್ ಬಿದ್ದ ಮೇಲೆ ಮಾತ್ರ ಅಜ್ಜಿಯ ಬಾಯಿಯೂ ಸ್ವಲ್ಪ ಕಟ್ಟಿತು.

ವೆನಿಂಗ್ ಆ ಮನೆಯ ಒಬ್ಬಳೇ ಮಗಳು, ಹತ್ತೊಂಬತ್ತರ ಹುಡುಗಿ. ಬಾತು ಎಂಬ ನಮ್ಮ ಊರಿನ ಮೇಲಿನ ಬೆಟ್ಟದಲ್ಲಿ ಬೇರು, ಬಂಡೆ, ಹಳ್ಳಗಳ ಮೇಲೆ ಸೈಕಲ್ ಹಾರಿಸಿಕೊಂಡು ಇಳಿಯುವ ಪಂದ್ಯಗಳಲ್ಲಿ ಹೆಸರು ಮಾಡಿದ್ದಳು. ಒಂದು ಸಲ ಬಹುಮಾನಕ್ಕೆ ಅನ್ನದ ಕುಕ್ಕರ್ ತಂದಿದ್ದಳು, ಅದರಲ್ಲಿ ಬೆಂದದ್ದನ್ನು ಅಜ್ಜಿ ಇವತ್ತಿಗೂ 'ಮೊಮ್ಮಗಳ ಅನ್ನ' ಎನ್ನುತ್ತಾಳೆ. ಆದರೆ ಅವಳ ಸೈಕಲ್ಲಿಗೆ ಮುಂದಿನ ಚಕ್ರಕ್ಕಷ್ಟೇ ಕುಲುಕು ತಡೆಯುವ ಶಾಕ್ ಇತ್ತು. ಹಿಂಬದಿ ಬರೀ ಗಟ್ಟಿ. ಮಳೆ ಬಿದ್ದ ಮರುದಿನ ಬಂಡೆ ಇಳಿಯುವಾಗ ಹಿಂದಿನ ಚಕ್ರ ಪುಟಿದು ಅವಳನ್ನು ಎತ್ತಿ ಒಗೆಯಿತು. ಹೆಗಲ ಎಲುಬು ಮುರಿಯಿತು. ಎಲುಬಿನ ಮಾತು ಹಾಗಿರಲಿ, ಆಸ್ಪತ್ರೆಯಲ್ಲಿ ಬಹಳ ಹೊತ್ತು ಅವಳು ತಾಯಿಯ ಮುಖ ನೋಡಿ "ನೀವು ಯಾರು?" ಎಂದು ಕೇಳುತ್ತಿದ್ದಳು. ಆ ಮಾತು ವಿಜಿಯಾತಿಯ ಕಿವಿಯಲ್ಲಿ ಕೂತುಬಿಟ್ಟಿತು. ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆಯನ್ನು ತೆಳ್ಳಗೆ ಹೆಚ್ಚಿ ಕರಿದು, ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಹಾಕುವುದು ಅವಳ ಕೆಲಸ. ಹೆಚ್ಚುತ್ತ ಕೂತಾಗ ಆ ಮಾತು ಕೇಳಿಸಿ ಅವಳ ಕತ್ತಿ ನಿಂತುಹೋಗುತ್ತಿತ್ತು.

ಎಲುಬು ಕೂಡಿ, ಕೈಯ ಪಟ್ಟಿ ಬಿಚ್ಚಿದ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ವೆನಿಂಗ್ ಮಾತು ತೆಗೆದಳು.

"ಅಪ್ಪ, ಪ್ರಾಂತ್ಯದ ತಂಡಕ್ಕೆ ಆಯ್ಕೆ ಇದೆ, ಮಳೆಗಾಲ ಮುಗಿದ ಮೇಲೆ. ನನಗೆ ಫುಲ್‌ಸಸ್ ಬೇಕು. ಹಿಂದೆನೂ ಶಾಕ್ ಇರೋದು."

ವಿಜಿಯಾತಿ ಮಗಳ ತಟ್ಟೆಗೆ ಇನ್ನೊಂದು ಸೌಟು ತೆಂಗಿನ ಹಾಲಿನ ಸಾರು ಸುರಿದಳು. "ತಿನ್ನು. ಇಳಿದುಹೋಗಿದೀಯ."

ನಮ್ಮ ಕಡೆ 'ಬೇಡ' ಎನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇಡ ಎನ್ನಬೇಕಾದವರು ಇನ್ನಷ್ಟು ಬಡಿಸುತ್ತಾರೆ, ಮಳೆಯ ಮಾತು ತೆಗೆಯುತ್ತಾರೆ, ನೋಡೋಣ ಎನ್ನುತ್ತಾರೆ. ಕೇಳಿದವರು ತಿಳಿದುಕೊಂಡು ಸುಮ್ಮನಾಗಬೇಕು. ವೆನಿಂಗ್‌ಗೆ ತಿಳಿಯಿತು, ಆದರೆ ಆ ದಿನ ಅವಳು ಸುಮ್ಮನಾಗಲಿಲ್ಲ.

"ಅಮ್ಮ, ಸಾರು ಸಾಕು. ಸೈಕಲ್ ಮಾತಾಡು."

"ಸೈಕಲ್ಲಿನಿಂದ ಬಿದ್ದವಳು ಸೈಕಲ್ಲನ್ನೇ ಕೇಳ್ತಾಳೆ ನೋಡಿ, ಪಾಕ್," ಎಂದಳು ವಿಜಿಯಾತಿ ಗಂಡನ ಕಡೆ ತಿರುಗಿ. ನಮ್ಮಲ್ಲಿ ಗಂಡನಿಗೂ ಹಿರಿಯರಿಗೂ 'ಪಾಕ್', ಹೆಂಗಸರಿಗೆ 'ಬು', ಅಣ್ಣನಂಥವರಿಗೆ 'ಮಾಸ್' ಎನ್ನುವುದೇ ಮರ್ಯಾದೆ.

"ಅವಳು ಬಿದ್ದದ್ದೇ ಹಿಂದೆ ಶಾಕ್ ಇಲ್ಲದೆ," ಎಂದ ಪೊನಿಮನ್. ಸವಾರರನ್ನೂ ಅವರ ಸೈಕಲ್ಲುಗಳನ್ನೂ ಪಿಕಪ್‌ನಲ್ಲಿ ಹೇರಿಕೊಂಡು ಬೆಟ್ಟದ ನೆತ್ತಿಗೆ ಬಿಟ್ಟು ಬರುವುದೇ ಅವನ ದುಡಿಮೆ, ಹಾಗಾಗಿ ಅವನಿಗೆ ಇದೆಲ್ಲ ಗೊತ್ತು. "ನೀನು ಕೊಡಿಸದಿದ್ರೆ ಅದೇ ಹಳೇದರಲ್ಲಿ ಇಳೀತಾಳೆ. ಅದು ಆಗಬಹುದಾ?"

ವಿಜಿಯಾತಿ ಸೌಟನ್ನು ಪಾತ್ರೆಗೆ ಹಾಕಿದಳು. ಕೊಡಿಸಿದರೂ ಬಂಡೆ, ಕೊಡಿಸದಿದ್ದರೂ ಬಂಡೆ.

ದುಡ್ಡು ಹೊಂದಿಸಿದ್ದು ಹೀಗೆ: ಮಗಳ ಬಹುಮಾನದ ಹಣ, ಅಪ್ಪ ಉಳಿಸಿದ್ದು, ಓಣಿಯ ಹೆಂಗಸರ ಚೀಟಿಯಲ್ಲಿ ವಿಜಿಯಾತಿಗೆ ಎದ್ದದ್ದು. ಎಲ್ಲ ಸೇರಿ ಎರಡೂವರೆ ಕೋಟಿ ರೂಪಿಯಾ. ಕೋಟಿ ಎಂದರೆ ಬೆಚ್ಚಬೇಕಿಲ್ಲ, ನಮ್ಮ ರೂಪಿಯಾದ ಯೋಗ್ಯತೆ ಅಷ್ಟೇ. ಅಷ್ಟಕ್ಕೆ ಮಧ್ಯಮ ದರ್ಜೆಯ ಒಂದು ಸೈಕಲ್ ಬರುತ್ತದೆ, ಅದೂ ಜೋಪಾನವಾಗಿ ಆರಿಸಿದರೆ.

ಆರಿಸಲು ತಾನೂ ಬರುತ್ತೇನೆಂದು ವಿಜಿಯಾತಿ ಹಠ ಹಿಡಿದಳು. ಮಾಸ್ ಗುನಾದಿಯ ಸೈಕಲ್ ಅಂಗಡಿಗೆ ಕಾಲಿಟ್ಟವಳೇ ಕೇಳಿದ್ದು ಒಂದೇ ಪ್ರಶ್ನೆ.

"ಇದರಲ್ಲಿ ಬೀಳದೇ ಇರೋದು ಯಾವುದಪ್ಪ?"

"ಬೀಳದ ಸೈಕಲ್ಲು ಅಂದ್ರೆ ಗೋಡೆಗೆ ಒರಗಿಸಿಟ್ಟದ್ದು ಒಂದೇ, ಬು," ಎಂದು ಗುನಾದಿ ನಕ್ಕ. ಆಮೇಲೆ ಅವಳ ಮುಖ ನೋಡಿ ನಗುವುದನ್ನು ಬಿಟ್ಟು ಎರಡು ಸೈಕಲ್ ಹೊರಗೆ ತಂದ. ಒಂದು ಹಗುರ, ಹಿಂದಿನ ಶಾಕ್ ಗಿಡ್ಡದು, ಗುಡ್ಡ ಹತ್ತುವುದಕ್ಕೆ ಚೆನ್ನ. ಇನ್ನೊಂದು ಭಾರ. "ಹತ್ತುವಾಗ ಅಳಿಸುತ್ತೆ, ಇಳಿಯುವಾಗ ಬಂಡೆ ನುಂಗಿಬಿಡುತ್ತೆ" ಎಂದ.

ವಿಜಿಯಾತಿ ಹಗುರವಾದದ್ದರ ಮೇಲೆ ಕೈಯಿಟ್ಟಳು. ಶಾಕ್ ಚಿಕ್ಕದಾದರೆ ಮಗಳು ಚಿಕ್ಕ ಗುಡ್ಡಕ್ಕೆ ಹೋಗುತ್ತಾಳೆ ಎಂಬುದು ಅವಳ ಲೆಕ್ಕ.

"ಅಮ್ಮಾ," ಎಂದಳು ವೆನಿಂಗ್, "ಸೈಕಲ್ ಚಿಕ್ಕದಾಯ್ತು ಅಂತ ಬಂಡೆ ಚಿಕ್ಕದಾಗಲ್ಲ."

"ಮಗಳು ಹೇಳೋದು ಸರಿ, ಬು. ಈ ದುಡ್ಡಿಗೆ ಎಲ್ಲಾ ಒಳ್ಳೇದೇ ಬೇಕು ಅಂದ್ರೆ ಸಿಗಲ್ಲ. ಫ್ರೇಮು, ಬ್ರೇಕು, ಶಾಕು ಚೆನ್ನಾಗಿರಲಿ. ಗೇರು ಸಾಧಾರಣದ್ದಾದ್ರೂ ನಡೆಯುತ್ತೆ, ಮುಂದೆ ಬದಲಾಯಿಸಬಹುದು. ಬಣ್ಣಕ್ಕೆ ಮರುಳಾಗಬೇಡಿ. ಸೆಕೆಂಡ್ ಹ್ಯಾಂಡ್ ಬೇಕಾದ್ರೂ ತಗೊಳ್ಳಿ, ಆದ್ರೆ ತಲೆಕೆಳಗು ಮಾಡಿ ನೋಡದೆ ಮಾತ್ರ ತಗೋಬೇಡಿ."

ಆ ಭಾರದ್ದನ್ನೇ ತರುವುದೆಂದು ಮನಸ್ಸು ಮಾಡಿ ಅವರು ಮನೆಗೆ ಬಂದರು. ವಾರ ಕಳೆಯುವುದರೊಳಗೆ ಪಾಕ್ ದರ್ಸೊನೊ ಬಾಗಿಲಿಗೆ ಬಂದರು.

ಪಿಕಪ್ ಗಾಡಿಗಳ ಧಣಿ ಅವರೇ. ಬೆಟ್ಟದ ಮೇಲಿನ ಕಾಫಿ ಅಂಗಡಿಯೂ ಅವರದೇ. ಕೆಟ್ಟವರೇನಲ್ಲ. ವೆನಿಂಗ್ ಆಸ್ಪತ್ರೆಯಲ್ಲಿದ್ದಾಗ ಹಣ್ಣು ಹೊತ್ತು ತಂದಿದ್ದರು, ಪೊನಿಮನ್ ಗಾಡಿಗೆ ಬರದ ದಿನಗಳ ಸಂಬಳವನ್ನೂ ಹಿಡಿದಿರಲಿಲ್ಲ. ಜಗಲಿಯಲ್ಲಿ ಕೂತು ಕಾಫಿ ಹೀರುತ್ತ, ಬೀದಿಯಲ್ಲಿ ನಿಂತಿದ್ದ ತಮ್ಮ ಗಾಡಿಯ ಕಡೆ ಕೈ ತೋರಿಸಿದರು.

"ನಮ್ಮ ಮಗ ಗಿಲಾಂಗ್ ಹೊಸ ಸೈಕಲ್ ತಗೊಂಡ. ಹಳೇದು ಸುಮ್ಮನೆ ಬಿದ್ದಿದೆ. ಹೊರದೇಶದ್ದು, ಕೊಂಡಾಗ ಏಳು ಕೋಟಿ. ನಮ್ಮ ಮನೆ ಮಗಳಿಗೆ ಒಂದೂವರೆಗೆ ಬಿಟ್ಟುಕೊಡ್ತೀನಿ, ಪೊನಿಮನ್."

ಸೈಕಲ್ ಇಳಿಸಿದಾಗ ಓಣಿಯ ಜನವೇ ನೆರೆಯಿತು. ನವಿಲಿನ ಬಣ್ಣದ ಫ್ರೇಮು, ಬೆರಳು ತಾಕಿದರೆ ನಿಲ್ಲುವ ಬ್ರೇಕು, ಮುಂದೆ ಹಿಂದೆ ಬಂಗಾರದ ಬಣ್ಣದ ಶಾಕು. ವೆನಿಂಗ್ ಅದರ ಸುತ್ತ ಒಂದು ಸುತ್ತು ಬಂದಳು, ಹಿಂದಿನ ಶಾಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದಳು, ಎದ್ದಳು. "ತುಂಬಾ ಚೆನ್ನಾಗಿದೆ, ಪಾಕ್. ದೊಡ್ಡ ಉಪಕಾರ ಆಯ್ತು," ಎಂದಳು.

ಯಾರೂ ಅದನ್ನು ತಲೆಕೆಳಗು ಮಾಡಲಿಲ್ಲ. ಧಣಿಯ ಮನೆಯಿಂದ ಬಂದ ವಸ್ತುವನ್ನು ಧಣಿಯ ಕಣ್ಣೆದುರು ಮಗುಚಿ ನೋಡುವುದೆಂದರೆ ಅವರ ಮುಖಕ್ಕೆ ನೀರು ಎರಚಿದ ಹಾಗೆ. ಅವರು ಹೋದ ಮೇಲಾದರೂ ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಿದರೆ ಏನಾದರೂ ಕಂಡೀತು, ಕಂಡರೆ ಹೇಳಬೇಕಾದೀತು. ಅದಕ್ಕೇ ನಾವು ನೋಡುವುದಿಲ್ಲ.

"ಒಂದು ಕೋಟಿ ಉಳೀತು," ಎಂದ ಪೊನಿಮನ್ ಸಂತೋಷದಿಂದ. "ಹೊಸ ಒಲೆ ತಗೋ, ಅಡುಗೆಮನೆ ಸೂರೂ ಬದಲಾಯಿಸೋಣ."

"ಇಷ್ಟು ಸುಲಭಕ್ಕೆ ಸಿಕ್ಕಿದ್ದು ನೋಡಿದ್ರೆ ನಂಗ್ಯಾಕೋ ಹೆದರಿಕೆ," ಎಂದಳು ವಿಜಿಯಾತಿ.

"ಶುರುವಾಯ್ತು," ಎಂದಳು ಅಜ್ಜಿ.

ಹೊಸ ವಾಹನ ಮನೆಗೆ ಬಂದರೆ ಸ್ಲಾಮೆತಾನ್ ಆಗಬೇಕು. ನೆರೆಹೊರೆಯವರು ಚಾಪೆಯ ಮೇಲೆ ಕೂತು, ಕ್ಷೇಮವಾಗಿರಲಿ ಎಂದು ಪ್ರಾರ್ಥಿಸಿ ಉಂಡು ಹೋಗಬೇಕು. ಅಜ್ಜಿ ಬೆರಳು ಮಡಚಿ, ಮೊಮ್ಮಗಳು ಹುಟ್ಟಿದ ವಾರಕ್ಕೂ ನಮ್ಮ ಹಳೇ ಪಂಚಾಂಗದ ಸಂತೆಯ ದಿನಕ್ಕೂ ತಾಳೆ ನೋಡಿ, ಮುಂದಿನ ತಿಂಗಳ ಒಂದು ಶನಿವಾರ ಗೊತ್ತು ಮಾಡಿದಳು. ಅಲ್ಲಿಯವರೆಗೆ ಸೈಕಲ್ಲು ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತು. ವೆನಿಂಗ್ ಹಳೆಯ ಸೈಕಲ್ಲನ್ನೇ ಹತ್ತಿ ಬೆಟ್ಟಕ್ಕೆ ಹೋಗತೊಡಗಿದಳು.

ವಿಜಿಯಾತಿಗೆ ಜೀವ ಬಾಯಿಗೆ ಬಂತು. "ಒಳ್ಳೇದು ಮನೇಲಿದ್ದೂ ಆ ಮೂಳೆ ಮುರಿದ ಸೈಕಲ್ಲಲ್ಲೇ ಹೋಗ್ತೀಯಲ್ಲೇ!"

"ಸ್ಲಾಮೆತಾನ್ ಆಗಲಿ ಅಮ್ಮ."

"ನೋಡು, ಎಂಥ ಭಕ್ತಿ," ಎಂದು ಅಜ್ಜಿ ಹಿಗ್ಗಿದಳು. "ನಿನ್ನ ಹೊಟ್ಟೇಲಿ ಹುಟ್ಟಿದ್ದು ಅಂತ ಯಾರೂ ನಂಬಲ್ಲ."

ಪೊನಿಮನ್‌ಗೆ ಬೇರೆಯದೇ ತಲೆಬಿಸಿ. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಸಿಡುಕಿದ. "ಸೈಕಲ್ ಹೇಗಿದೆ ಅಂತ ಧಣಿ ದಿನಾ ಕೇಳ್ತಾರೆ. ಏನು ಹೇಳ್ಲಿ?"

"ಚೆನ್ನಾಗಿದೆ ಅಂತ ಹೇಳಿ."

"ಹತ್ತದೇನೇ ಚೆನ್ನಾಗಿದೆಯಾ?"

"ನೋಡಿದ್ರೇ ಗೊತ್ತಾಗುತ್ತಲ್ಲಪ್ಪ," ಎಂದು ವೆನಿಂಗ್ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅರ್ಧ ಅನ್ನ ಹಾಗೇ ಇತ್ತು. ಮಗಳು ಅನ್ನ ಬಿಟ್ಟು ಏಳುವವಳಲ್ಲ ಎಂದು ವಿಜಿಯಾತಿಗೆ ತಿಳಿದಿತ್ತು, ಆದರೆ ಯಾಕೆಂದು ತಿಳಿಯಲಿಲ್ಲ.

ಸ್ಲಾಮೆತಾನಿನ ಹಿಂದಿನ ದಿನ ವಿಜಿಯಾತಿ ಸೈಕಲ್ಲನ್ನು ಬಾವಿಕಟ್ಟೆಗೆ ತಂದು ತೊಳೆಯಲು ನಿಂತಳು. ಹತ್ತು ಜನ ನೋಡುವ ವಸ್ತು, ಧೂಳು ಇರಬಾರದು. ಸಾಬೂನಿನ ಬಿಸಿನೀರು ಹಾಕಿ ಉಜ್ಜುತ್ತ ಹೋದಳು. ಹಿಂದಿನ ಶಾಕ್ ಫ್ರೇಮಿಗೆ ಕೂಡುವ ಕಡೆ ಯಾವುದೋ ಪಂದ್ಯದ ದೊಡ್ಡ ಸ್ಟಿಕ್ಕರ್ ಇತ್ತು. ಅದರ ಅಂಚು ಎದ್ದಿತು. ಉಗುರು ಹಾಕಿ ಎಳೆದಳು. ಕೆಳಗೆ ಕೂದಲೆಳೆಯಷ್ಟು ತೆಳ್ಳಗಿನ ಗೆರೆ. ಕೊಳೆ ಎಂದುಕೊಂಡು ತಿಕ್ಕಿದಳು. ಹೋಗಲಿಲ್ಲ. ಯಾಕೋ ಏನೋ, ಸೀಟಿನ ಮೇಲೆ ಕೈಯೂರಿ ಮೈಭಾರ ಹಾಕಿ ಒತ್ತಿದಳು. ಗೆರೆ ಬಾಯಿ ತೆರೆಯಿತು. ಕೈ ತೆಗೆದಳು. ಮುಚ್ಚಿಕೊಂಡಿತು.

ಮಗಳನ್ನು ಕೂಗಿದಳು. ವೆನಿಂಗ್ ಬಂದು ಹರಿದ ಸ್ಟಿಕ್ಕರ್ ನೋಡಿದಳು, ತಾಯಿಯನ್ನು ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದಳು ವಿಜಿಯಾತಿ.

"ತಂದ ದಿನಾನೇ. ಸ್ಟಿಕ್ಕರ್ ಆಚೆ ಒಂದು ಚೂರು ಕಾಣ್ತಿತ್ತು."

"ಗೊತ್ತಿದ್ದೂ ಚೆನ್ನಾಗಿದೆ ಅಂದೆಯಲ್ಲೇ!"

"ಇನ್ನೇನು ಅನ್ನಲಿ ಅಮ್ಮ? ಧಣಿ ಎದುರಿಗೇ ಕೂತಿದ್ರು. ಅಪ್ಪ ತಲೆ ಬಗ್ಗಿಸಿಕೊಂಡು ನಿಂತಿದ್ರು. ಆ ಗಾಡಿ ಹೋದ್ರೆ ನಮಗೇನಿದೆ?"

"ಮತ್ತೆ ಇದರ ಮೇಲೆ ಹತ್ತೋದಿಲ್ಲ ತಾನೆ?"

"ಆಯ್ಕೆ ದಿನ ಧಣಿ ನೋಡೋಕೆ ಬರ್ತಾರಂತೆ. ಅವತ್ತೊಂದು ದಿನ ಹತ್ತಲೇಬೇಕು. ಮೆಲ್ಲಗೆ ಇಳೀತೀನಿ. ಜಿಗಿಯೋ ಕಡೆ ಜಿಗಿಯಲ್ಲ."

"ಮೆಲ್ಲಗೆ ಇಳಿದವರನ್ನ ಯಾರೇ ಆರಿಸ್ತಾರೆ?"

ವೆನಿಂಗ್ ಹರಿದ ಸ್ಟಿಕ್ಕರನ್ನು ಎತ್ತಿಕೊಂಡು ಅದರ ನೀರು ಒರೆಸತೊಡಗಿದಳು.

ಇಷ್ಟು ವರ್ಷ ವಿಜಿಯಾತಿ ತನ್ನ ಮಗಳು ಹುಚ್ಚು ಧೈರ್ಯದವಳು, ಯಾರ ಮಾತಿಗೂ ಸಿಗದವಳು ಎಂದು ಹೆದರಿದ್ದಳು. ಅದು ಸುಳ್ಳಾಗಿತ್ತು. ಇವಳು ಎಲ್ಲರ ಮಾತನ್ನೂ ಕೇಳುವವಳು. ದೊಡ್ಡವರ ಮುಂದೆ ಬೇಡ ಎನ್ನಲಾರದೆ ಸಾಯುವುದಕ್ಕೂ ತಯಾರಾದವಳು. ಹಾಗೆ ಬೆಳೆಸಿದ್ದೂ ತಾನೇ. ಬಂಡೆಗೆ ಹೆದರಿದ್ದೆಲ್ಲ ಆ ಕ್ಷಣ ಅವಳಿಗೆ ಮಕ್ಕಳಾಟ ಅನ್ನಿಸಿತು.

ಸಂಜೆಯ ಊಟಕ್ಕೆ ನಾಲ್ವರೂ ಕೂತರು, ಯಾರೂ ಸರಿಯಾಗಿ ಉಣ್ಣಲಿಲ್ಲ.

"ನಾಳೆದೊಂದು ಮುಗೀಲಿ," ಎಂದ ಪೊನಿಮನ್. "ಆಮೇಲೆ ಬೆಸುಗೆ ಹಾಕಿಸೋಣ."

"ಅಲ್ಯೂಮಿನಿಯಂ ಅಪ್ಪ. ಸಂತೆ ಬೆಸುಗೆ ನಿಲ್ಲಲ್ಲ."

"ಕಳ್ಳರು ಹೊತ್ತುಕೊಂಡು ಹೋದ್ರು ಅಂದುಬಿಡಿ," ಎಂದಳು ಅಜ್ಜಿ. "ಯಾರ ಮುಖಾನೂ ಕೆಡಲ್ಲ."

"ಈ ಓಣೀಲಿ ಕಳ್ಳತನ ಆಗಿ ಎಷ್ಟು ವರ್ಷ ಆಯ್ತಮ್ಮ! ಪೊಲೀಸರನ್ನ ಧಣಿನೇ ಕರೆಸ್ತಾರೆ," ಎಂದ ಪೊನಿಮನ್.

"ನೀವೇ ಹೋಗಿ ಹೇಳಿ, ಪಾಕ್," ಎಂದಳು ವಿಜಿಯಾತಿ.

"ಏನಂತ? ನೀವು ಒಡೆದ ಮಾಲು ಕೊಟ್ರಿ ಅಂತಲಾ? ನಾವು ಉಣ್ಣೋ ಅನ್ನ ಅವರ ಗಾಡಿದು, ವಿಜಿ. ಸುಮ್ಮನಿರು. ನಾಳೆ ಒಂದು ದಿನ ಸುಮ್ಮನಿರು."

ವಿಜಿಯಾತಿ ಹೂಂ ಎಂದು ತೆಂಗಿನಕಾಯಿ ತುರಿಯಲು ಹೋದಳು. ಹೂಂ ಎನ್ನುವುದು ಅವಳಿಗೂ ಚೆನ್ನಾಗಿ ಅಭ್ಯಾಸವಾಗಿತ್ತು.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರು ಬಂದು ಅಂಗಳದ ಚಾಪೆಗಳ ಮೇಲೆ ಕೂತರು. ನಡುವೆ ಸೈಕಲ್ಲು, ಅದರ ಮುಂದೆ ಕೆಂಪು ಬಿಳಿ ಗಂಜಿಯ ಬಟ್ಟಲುಗಳು, ಹೂವು ಹಾಕಿದ ನೀರು. ಸ್ಟಿಕ್ಕರನ್ನು ಪೊನಿಮನ್ ಮತ್ತೆ ಅಂಟಿಸಿದ್ದ. ಮೊದಲ ಸಾಲಿನಲ್ಲಿ ಪಾಕ್ ದರ್ಸೊನೊ, ಪಕ್ಕದಲ್ಲಿ ಮಗ ಗಿಲಾಂಗ್. ಮಸೀದಿಯ ಹಿರಿಯರು ಪ್ರಾರ್ಥನೆ ಹೇಳಿದರು. ಕ್ಷೇಮವಾಗಿರಲಿ ಎಂದಾಗಲೆಲ್ಲ ಎಲ್ಲರೂ ಆಮೀನ್ ಎಂದರು. ಹೆಂಗಸರು ಅಡುಗೆಮನೆಯಲ್ಲಿದ್ದರು. ವಿಜಿಯಾತಿ ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಊಟದ ನಡುವೆ ದರ್ಸೊನೊ ಕೈ ಒರೆಸಿಕೊಂಡು ನಕ್ಕರು. "ಎಲ್ಲಿ ಮಗಳೇ, ಒಂದು ಸಲ ತೋರಿಸು. ನಿಮ್ಮ ಅಂಗಳದ ಕಟ್ಟೆಯಿಂದ ಕೆಳಗಿನ ಓಣಿಗೆ ಹಾರಿಸು ನೋಡೋಣ."

ಆಳೆತ್ತರದ ಕಲ್ಲುಕಟ್ಟೆ. ಕೆಳಗೆ ಸಿಮೆಂಟಿನ ಓಣಿ. ಎಲ್ಲರೂ ಹೋ ಎಂದು ಚಪ್ಪಾಳೆ ಹಾಕಿದರು. ಗಿಲಾಂಗ್ ಮಾತ್ರ ಬಟ್ಟಲಿನಲ್ಲಿ ಮುಖ ಹುದುಗಿಸಿದ.

"ಆಗಲಿ, ಪಾಕ್," ಎಂದಳು ವೆನಿಂಗ್.

ಅವಳು ಹೆಲ್ಮೆಟ್ ತಂದಳು. ಪೊನಿಮನ್ ನಿಂತಲ್ಲೇ ನಿಂತಿದ್ದ. ವೆನಿಂಗ್ ಗದ್ದದ ಕೆಳಗೆ ಪಟ್ಟಿ ಬಿಗಿದಳು. ಸೈಕಲ್ ಹತ್ತಿ ಅಂಗಳದ ಹಿಂದಿನ ಗೋಡೆಯವರೆಗೆ ಹೋಗಿ ತಿರುಗಿದಳು.

ತಟ್ಟೆಯನ್ನು ಎಲ್ಲಿಟ್ಟಳೋ, ಚಾಪೆಯ ಮೇಲೆ ಗಂಡಸರ ನಡುವೆ ಹೇಗೆ ದಾಟಿದಳೋ ವಿಜಿಯಾತಿಗೆ ಗೊತ್ತಾಗಲಿಲ್ಲ. ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿದು ಚಕ್ರದ ಮುಂದೆ ನಿಂತಿದ್ದಳು.

"ಬೇಡ."

"ವಿಜಿ!" ಎಂದ ಪೊನಿಮನ್.

"ಬೇಡ. ಇಳಿ."

ಮಗಳು ಇಳಿದಳು. ವಿಜಿಯಾತಿ ಸೈಕಲ್ಲನ್ನು ಎಳೆದು ತಂದು, ದರ್ಸೊನೊ ಮುಂದೆಯೇ ತಲೆಕೆಳಗು ಮಾಡಿದಳು. ಗಂಜಿಯ ಬಟ್ಟಲು ಉರುಳಿ ಚಾಪೆ ಕೆಂಪಾಯಿತು. ಸ್ಟಿಕ್ಕರ್ ಕಿತ್ತು, ಚಕ್ರವನ್ನು ಅದುಮಿ ಹಿಡಿದಳು. ಗೆರೆ ಬಾಯಿ ತೆರೆಯಿತು.

"ಒಡೆದಿದೆ, ಪಾಕ್ ದರ್ಸೊನೊ. ಕ್ಷಮಿಸಿ. ನನ್ನ ಮಗಳು ಇದರ ಮೇಲೆ ಹತ್ತೋದಿಲ್ಲ."

ದರ್ಸೊನೊ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಅದಕ್ಕೇ ಅಲ್ವಾ ಅಪ್ಪ, ನಾನು ಹತ್ತೋದು ಬಿಟ್ಟದ್ದು," ಎಂದ ಗಿಲಾಂಗ್, ತಲೆ ಎತ್ತದೆ.

"ನೀನು ಬಿಟ್ಟೆ," ಎಂದರು ಅವರು. "ನೀನು ಬಿಟ್ಟೆ. ಅವಳನ್ನ..." ಕಟ್ಟೆಯ ಅಂಚನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು. ಎದ್ದು ನಿಂತಾಗ ಮುಖದ ಮೇಲೆ ನಗುವನ್ನು ಹೇಗೋ ತಂದುಕೊಂಡಿದ್ದರು. "ಊಟ ಚೆನ್ನಾಗಿತ್ತು, ಬು ವಿಜಿ," ಎಂದು ಹೇಳಿ, ಸೈಕಲ್ಲನ್ನು ಗಾಡಿಗೆ ಹೇರಿಸಿಕೊಂಡು ಹೋದರು.

ಮಾರನೆಯ ದಿನ ದುಡ್ಡು ಪೂರ್ತಿ ವಾಪಸು ಬಂತು. ಅದಾದ ಕೆಲವೇ ದಿನಕ್ಕೆ, ಪಿಕಪ್‌ಗೆ ಹೊಸ ಡ್ರೈವರ್ ಬಂದಿದ್ದಾನೆ, ಪೊನಿಮನ್ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ ಎಂಬ ಮಾತೂ ಬಂತು, ಬಹಳ 'ಮರ್ಯಾದೆಯ' ಮಾತು. ಪೊನಿಮನ್ ಯಾರದೋ ಎಲೆಕೋಸಿನ ಲಾರಿಗೆ ಹೋಗತೊಡಗಿದ. ಸಂಬಳ ಅರ್ಧ. ವಾರವಿಡೀ ಹೆಂಡತಿಯೊಡನೆ ಮಾತಾಡಲಿಲ್ಲ. ಪಕ್ಕದಲ್ಲೇ ಕೂತ ಅವಳಿಂದ ಉಪ್ಪು ಬೇಕಾದರೆ ಅಜ್ಜಿಯನ್ನು ಕೇಳುತ್ತಿದ್ದ.

"ನನ್ನನ್ನೇನು ಟೆಲಿಫೋನ್ ಮಾಡ್ಕೊಂಡಿದೀರಾ?" ಎಂದು ಅಜ್ಜಿ ಒಂದು ದಿನ ರೇಗಿದಳು. "ನೀವೇ ಮಾತಾಡ್ಕೊಳ್ಳಿ."

ಪೊನಿಮನ್ ತಟ್ಟೆಯಲ್ಲಿ ಬೆರಳು ಆಡಿಸುತ್ತ ಕೂತ. "ಅವಳು ಹೆಲ್ಮೆಟ್ ಕಟ್ಟಿಕೊಳ್ತಿದ್ಲು, ವಿಜಿ," ಎಂದ ಕೊನೆಗೆ. "ನಾನು ನೋಡ್ತಾ ನಿಂತಿದ್ದೆ. ಅಪ್ಪ ಅನ್ನಿಸಿಕೊಂಡವನು ನೋಡ್ತಾ ನಿಂತಿದ್ದೆ." ಗಂಡಸು ಅತ್ತದ್ದನ್ನು ಆ ಮನೆ ಅಲ್ಲಿಯವರೆಗೆ ನೋಡಿರಲಿಲ್ಲ. ವಿಜಿಯಾತಿ ಉಪ್ಪಿನ ಬಟ್ಟಲನ್ನು ಅವನ ಹತ್ತಿರ ಸರಿಸಿದಳು.

ಸೈಕಲ್ ಕೊಳ್ಳುವ ಮಾತನ್ನು ಮತ್ತೆ ಎತ್ತಿದವನೂ ಅವನೇ. ಆ ದುಡ್ಡು ಇನ್ನು ಬೇರೆ ಯಾವುದಕ್ಕೂ ಅಲ್ಲ ಎಂದ. ಆಯ್ಕೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಈ ಸಲ ಅಜ್ಜಿಯೂ ಗುನಾದಿಯ ಅಂಗಡಿಗೆ ಹೊರಟಳು.

ಭಾರದ ಸೈಕಲ್ಲಿನಲ್ಲಿ ವೆನಿಂಗ್ ಅಳತೆಯದು ಮಾರಿಹೋಗಿತ್ತು. ಉಳಿದಿದ್ದು ಒಂದೇ, ಒಂದು ಅಳತೆ ದೊಡ್ಡದು. "ಬೆಲೆ ಇಳಿಸ್ತೀನಿ," ಎಂದ ಗುನಾದಿ. "ಸೀಟು ತಗ್ಗಿಸಿದ್ರೆ ಹೇಗೋ ನಡೆಯುತ್ತೆ."

ವಿಜಿಯಾತಿ ಅದನ್ನು ತಲೆಕೆಳಗು ಮಾಡಿಸಿ, ಮೂಲೆಮೂಲೆ ಮುಟ್ಟಿ ನೋಡಿದಳು. ಎಲ್ಲೂ ಗೆರೆಯಿಲ್ಲ. ವೆನಿಂಗ್ ಹತ್ತಿ ಬೀದಿಯ ತುದಿಯವರೆಗೆ ಹೋಗಿ ಬಂದಳು. ಅಪ್ಪ ದುಡ್ಡಿನ ಕವರ್ ಹೊರಗೆ ತೆಗೆದು ಹಿಡಿದಿದ್ದ. ಗುನಾದಿ ನಗುತ್ತಿದ್ದ. ಅಜ್ಜಿ, "ಇದರ ಮೇಲೆ ರಾಣಿ ಥರ ಕಾಣ್ತೀಯಲ್ಲೇ!" ಎಂದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

ವೆನಿಂಗ್ ಇಳಿದು ಸೈಕಲ್ಲನ್ನು ಮೆಲ್ಲಗೆ ಗುನಾದಿಯ ಕೈಗೆ ಕೊಟ್ಟಳು.

"ಬೇಡ, ಮಾಸ್. ನನಗೆ ದೊಡ್ಡದಾಯ್ತು. ತಿರುವಲ್ಲಿ ನನ್ನ ಹಿಡಿತಕ್ಕೆ ಬರಲ್ಲ."

"ಆಯ್ಕೆಗೆ ಮುಂಚೆ ಬೇರೇದು ಬರಲ್ಲಮ್ಮ."

"ಹಾಗಾದ್ರೆ ಈ ವರ್ಷ ಆಯ್ಕೆ ಬೇಡ," ಎಂದಳು ವೆನಿಂಗ್. ಅವಳ ಕಣ್ಣು ತುಂಬಿತು, ಆದರೆ ಮಾತು ಬದಲಾಗಲಿಲ್ಲ. "ನನ್ನ ಅಳತೇದು ಬಂದಾಗ ಹೇಳಿ."

ವಿಜಿಯಾತಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಈಗ್ಯಾಕೆ ಅಳ್ತೀಯ ಮಾರಾಯ್ತಿ?" ಎಂದು ಅಜ್ಜಿ ಗದರಿದಳು. "ಅವಳೇ ಬೇಡ ಅಂದ್ಲಲ್ಲ! ಇನ್ನೇನು ಹೆದರಿಕೆ ನಿನಗೆ?"

ವಿಜಿಯಾತಿ ತಲೆವಸ್ತ್ರದ ಅಂಚಿನಲ್ಲಿ ಮುಖ ಒರೆಸಿಕೊಂಡಳು.

"ಬೇಡ ಅನ್ನೋಕೆ ಬಂತಲ್ಲ, ಅತ್ತೆ," ಎಂದಳು. "ಇನ್ನು ಅವಳು ಯಾವ ಬೆಟ್ಟಕ್ಕಾದ್ರೂ ಹೋಗಲಿ."